ತುರ್ತು ಕಾಲುವೆಯ ದಂಡೆಯಲ್ಲಿ

ಹಂಪಿಯಲ್ಲಿ ಬಡವಿಲಿಂಗವನ್ನು ನೋಡಿದವರಿಗೆಲ್ಲ ಆ ಗರ್ಭಗುಡಿಯ ನೀರು ನೆನಪಿರುತ್ತದೆ. ಮೂರು ಮೀಟರ್ ಎತ್ತರದ ಲಿಂಗ, ಬುಡಕ್ಕೆ ಸದಾ ನೀರು. ಆ ನೀರು ಎಲ್ಲಿಂದ ಬರುತ್ತದೆಂದು ನಾನು ಅನೇಕ ಸಲ ಹೋಗಿಬಂದರೂ ಕೇಳಿಕೊಂಡಿರಲಿಲ್ಲ. ಈ ಸಲ ಅದೊಂದಕ್ಕೇ ಹೋದೆ. ಪಕ್ಕದಲ್ಲಿ ಉಗ್ರನರಸಿಂಹ, ಅದರಾಚೆ ಬಾಳೆತೋಟ, ನಡುವೆ ಸದ್ದಿಲ್ಲದೆ ಹರಿಯುವ ತುರ್ತು ಕಾಲುವೆ. ಗರ್ಭಗುಡಿಯ ನೀರು ಈ ಕಾಲುವೆಯದೇ.

ವಿಜಯನಗರ 1565ರಲ್ಲಿ ಹಾಳಾಯಿತೆಂದು ಶಾಲೆಯಲ್ಲಿ ಓದಿದ್ದೇವೆ. ಅರಮನೆಗಳು ಅಡಿಪಾಯ ಮಾತ್ರ ಉಳಿಯುವಂತೆ ಸುಟ್ಟುಹೋದವು, ನರಸಿಂಹನ ಕೈಕಾಲು ಮುರಿದವು. ಆದರೆ ಕಾಲುವೆ ಉಳಿಯಿತು. ಅರಸರು ಹೋದಮೇಲೂ ರೈತರು ಹೂಳು ತೆಗೆದರು, ಒಡೆದ ದಂಡೆ ಕಟ್ಟಿಕೊಂಡರು, ಭತ್ತ ನಾಟಿ ಮಾಡಿದರು. ಹಂಪಿಯಲ್ಲಿ ಇಂದಿಗೂ ಕಟ್ಟಿದ ಉದ್ದೇಶಕ್ಕೇ ದುಡಿಯುತ್ತಿರುವ ಕಟ್ಟಡ ಯಾವುದು ಎಂದರೆ, ವಿರೂಪಾಕ್ಷನ ಗುಡಿಯ ಜೊತೆಗೆ ನಾನು ಈ ಕಾಲುವೆಯ ಹೆಸರನ್ನೂ ಹೇಳುತ್ತೇನೆ.

ಇದರ ಮೂಲ ತುಂಗಭದ್ರೆಯಲ್ಲಿದೆ. ಅಲ್ಲಿ ಹೊಳೆ ಬಂಡೆಗಳ ನಡುವೆ ಸೀಳಿಕೊಂಡು ಹಲವು ಕವಲಾಗಿ ಹರಿಯುತ್ತದೆ. ಕಟ್ಟಿದವರು ಹೊಳೆಗೆ ಅಡ್ಡವಾಗಿ ನೇರ ಗೋಡೆ ಎಬ್ಬಿಸಲು ಹೋಗಲಿಲ್ಲ. ನಡುಗಡ್ಡೆಯಿಂದ ನಡುಗಡ್ಡೆಗೆ, ಬಂಡೆಯಿಂದ ಬಂಡೆಗೆ ತುಂಡು ತುಂಡಾಗಿ ಒಡ್ಡು ಹಾಕಿದರು. ದೊಡ್ಡ ಕಲ್ಲಿನ ದಿಮ್ಮಿಗಳು, ನಡುವೆ ಗಾರೆ ಇಲ್ಲ. ಪ್ರವಾಹ ಬಂದರೆ ನೀರು ಮೇಲೆ ಹಾದುಹೋಗುತ್ತದೆ, ಇಳಿದಾಗ ಬೇಕಾದಷ್ಟು ಕಾಲುವೆಗೆ ತಿರುಗುತ್ತದೆ. ಹೊಳೆಯನ್ನು ಪೂರ್ತಿ ಹಿಡಿದಿಡುವ ಆಸೆಯೇ ಇಲ್ಲದ ಕಟ್ಟಡ ಅದು. ಇಷ್ಟು ಕಾಲ ಬಾಳಿದ್ದಕ್ಕೆ ಅದೇ ಕಾರಣ ಎಂದು ನನ್ನ ನಂಬಿಕೆ.

ಅಲ್ಲಿಂದ ಮುಂದಿನದು ಇಳಿಜಾರಿನ ಲೆಕ್ಕ. ಬಂಡೆಗುಡ್ಡ ಎದುರಾದರೆ ಅದರ ಮಗ್ಗುಲು ಹಿಡಿದು ಸುತ್ತಬೇಕು. ಇಳಿಜಾರು ಹೆಚ್ಚಾದರೆ ನೀರು ದಂಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಮತಂಗ ಪರ್ವತದ ಕಡೆಯ ಗುಡಿಗಳಿಗೂ ಅರಮನೆಯ ಆವರಣಕ್ಕೂ ನಡುವಿನ ತಗ್ಗು ಪೂರಾ ಹಸಿರಾಗಿರುವುದು ಈ ಲೆಕ್ಕದಿಂದ. ಗದ್ದೆಯ ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು, "ಯಜಮಾನ್ರೇ, ಇದಕ್ಕೆ ಪಂಪು ಬೇಕಾಗಲ್ವಾ?" ಅಂದೆ. "ಯಾಕ್ ಬೇಕ್ರೀ? ತಗ್ಗು ತೋರಿಸಿದ್ರ ನೀರು ತಾನಾ ಬರತೈತಿ," ಅಂದರು.

ತಗ್ಗು ತೋರಿಸುವುದು ಆಗ ಒಂದು ವಿದ್ಯೆಯೇ ಆಗಿತ್ತು. 1388ರ ಒಂದು ಶಾಸನದಲ್ಲಿ, ಪೆನ್ನೆ ಹೊಳೆಯ ನೀರನ್ನು ಕೆರೆಗೆ ತಂದ ಸಿಂಗಾಯಭಟ್ಟನಿಗೆ 'ಜಲಸೂತ್ರ'ದ ಬಿರುದಿದೆ. ಕೃಷ್ಣದೇವರಾಯನ ಕಾಲಕ್ಕೆ ಈ ವಿದ್ಯೆಗೆ ರಾಜ್ಯದ ಬಲ ಇನ್ನೂ ಹೆಚ್ಚು ಸಿಕ್ಕಿತು. ಹೊಸಪೇಟೆಯ ಬಸವಣ್ಣ ಕಾಲುವೆ 1521ರದ್ದು. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಕೆಲಸವನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಪೇಸ್, ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರು ಎಂದಿದ್ದಾನೆ. ಆ ನೀರಿನ ಜಮೀನುಗಳನ್ನು ಒಂಬತ್ತು ವರ್ಷ ತೆರಿಗೆ ಇಲ್ಲದೆ ರೈತರಿಗೆ ಬಿಟ್ಟರು ಎನ್ನುತ್ತಾನೆ ಇನ್ನೊಬ್ಬ ಪೋರ್ಚುಗೀಸ್, ನ್ಯೂನಿಜ್. ನೀರು ತಂದು ಸುಮ್ಮನಾಗದೆ, ನೆಲ ಹದಗೊಳ್ಳುವ ತನಕ ಕಾದ ಆಡಳಿತವದು. ಕಲ್ಲು ಹೊತ್ತವರ, ಮಣ್ಣು ಅಗೆದವರ ಹೆಸರುಗಳು ಮಾತ್ರ ಎಲ್ಲಿಯೂ ಇಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ರಾಯ ಮತ್ತು ಬಸವಣ್ಣ ಕಾಲುವೆಗಳ ಹಳೆಯ ಒಡ್ಡುಗಳು ನೀರಿನಡಿ ಸೇರಿದವು. ಈಗ ಅವಕ್ಕೆ ಜಲಾಶಯದಿಂದಲೇ ನೀರು. ಅಣೆಕಟ್ಟಿನ ಕೆಳಗಿದ್ದ ತುರ್ತು ಒಡ್ಡು ಹೊಳೆಯಲ್ಲಿ ಉಳಿದುಕೊಂಡಿತು.

ಸಂಜೆ ಹೊರಡುವಾಗ ಸೇತುವೆಯ ಕೆಳಗೆ ನೋಡಿದೆ. ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಪೂಜೆಯ ಹೂವು ತುಂಬಿದ ಪ್ಲಾಸ್ಟಿಕ್ ಚೀಲ ಕಲ್ಲಿಗೆ ಸಿಕ್ಕಿಕೊಂಡು ನಿಂತಿದ್ದವು. ಅವು ಮುಂದೆ ಸಾಗಿದರೆ ಸೇರುವುದು ಗದ್ದೆಯನ್ನೇ. ಹಂಪಿಗೆ ಹೋದಾಗ ನರಸಿಂಹನಿಗೆ ಕೈಮುಗಿದು ಹತ್ತು ಹೆಜ್ಜೆ ನಡೆದು ಈ ಕಾಲುವೆಯನ್ನೂ ನೋಡಿ ಬನ್ನಿ. ಕೈಯಲ್ಲಿರುವ ಬಾಟಲಿಯನ್ನು ದಯವಿಟ್ಟು ವಾಪಸು ಒಯ್ಯಿರಿ.