‘ವಿಮಾನದಲ್ಲಿ ಎಲ್ಲರಿಗೂ 15 ಕೆ.ಜಿ. ಲಗೇಜ್ ಉಚಿತ’ ಎಂಬುದು ನಿಜವೇ? ಅಗ್ಗದ ಟಿಕೆಟ್‌ನ ಹಿಂದಿನ ಲೆಕ್ಕ

‘ಬಸ್ಸಿಗಿಂತ ಅಗ್ಗ! ವಿಮಾನ ಟಿಕೆಟ್ ಕೇವಲ 1,499 ರೂಪಾಯಿ. 15 ಕೆ.ಜಿ. ಲಗೇಜ್ ಉಚಿತ. ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ.’ ಇಂಥದ್ದೊಂದು ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಅಷ್ಟು ಕಡಿಮೆ ದರಕ್ಕೆ ಟಿಕೆಟ್ ಮಾರಾಟವಾಗುವುದು ಉಂಟು. ಆದರೆ ಅದರ ಜೊತೆ 15 ಕೆ.ಜಿ. ಲಗೇಜ್ ಬಂದೇ ಬರುತ್ತದೆ ಎನ್ನುವುದು ಈಗ ನಿಜವಲ್ಲ. 2021ರ ಫೆಬ್ರುವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಚೆಕ್-ಇನ್ ಲಗೇಜ್ ಇಲ್ಲದ ಪ್ರಯಾಣಿಕರಿಗೆ ಕಡಿಮೆ ದರದ ಟಿಕೆಟ್ ಮಾರಲು ಕಂಪನಿಗಳಿಗೆ ಅನುಮತಿ ಕೊಟ್ಟಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2024ರಲ್ಲಿ ‘ಎಕ್ಸ್‌ಪ್ರೆಸ್ ಲೈಟ್’ ಹೆಸರಿನಲ್ಲಿ ಅಂಥ ಟಿಕೆಟ್ ಶುರು ಮಾಡಿತು. ‘ಲೈಟ್’, ‘ಹ್ಯಾಂಡ್ ಬ್ಯಾಗ್ ಓನ್ಲಿ’, ‘ಝೀರೋ ಬ್ಯಾಗ್’ ಎಂದೆಲ್ಲ ಕರೆಯುವ ಈ ಟಿಕೆಟ್ ಕೊಂಡವರು ಕೈಚೀಲ ಮಾತ್ರ ಒಯ್ಯಬಹುದು. ವಿಮಾನದ ಹೊಟ್ಟೆಗೆ ಹಾಕುವ ಚೀಲಕ್ಕೆ ಬೇರೆ ಹಣ.

ನಮ್ಮ ಕಡೆಯವರಿಗೆ ಇದು ಯಾಕೆ ಹೊಡೆತ ಕೊಡುತ್ತದೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ವಿಜಯನಗರ ಜಿಲ್ಲೆಯ ಈ ಐದೂ ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ವಿಮಾನ ಹತ್ತಬೇಕೆಂದರೆ ತೋರಣಗಲ್ಲಿನ ವಿದ್ಯಾನಗರಕ್ಕೋ, ಹುಬ್ಬಳ್ಳಿಗೋ, ಬೆಂಗಳೂರಿಗೋ ಹೋಗಬೇಕು. ಅಂದರೆ ಪ್ರಯಾಣ ಶುರುವಾಗುವುದೇ ಬಸ್ಸಿನಲ್ಲಿ ಅಥವಾ ರೈಲಿನಲ್ಲಿ. ಅಲ್ಲಿನ ಲಗೇಜ್ ಲೆಕ್ಕವೇ ಬೇರೆ. ರೈಲಿನ ಸ್ಲೀಪರ್ ಬೋಗಿಯಲ್ಲಿ ಒಬ್ಬರಿಗೆ 40 ಕೆ.ಜಿ. ಉಚಿತ. ಎರಡನೇ ದರ್ಜೆಯಲ್ಲಿ 35. ಅದನ್ನೂ ಯಾರೂ ತೂಗಿ ನೋಡುವುದು ಅಪರೂಪ. ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರು ಒಂದು ಮೂಟೆ ಹೆಚ್ಚಿಗೆ ತಂದರೆ ಸೀಟಿನ ಕೆಳಗೆ ತಳ್ಳುತ್ತಾರೆ, ಮುಗಿಯಿತು.

ಅದೇ ಅಭ್ಯಾಸದಲ್ಲಿ ವಿಮಾನಕ್ಕೆ ಹೋದಾಗ ತೊಂದರೆ. ದೆಹಲಿಯಲ್ಲಿ ಓದುವ ಮಗನಿಗೆಂದು ತಾಯಿ ಕಟ್ಟಿಕೊಟ್ಟ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ಉಪ್ಪಿನಕಾಯಿ. ಇಷ್ಟೇ ಆರೇಳು ಕೆ.ಜಿ. ದಾಟುತ್ತದೆ. ದೊಡ್ಡ ಟ್ರಾಲಿ ಸೂಟ್‌ಕೇಸ್ ಖಾಲಿ ಇದ್ದಾಗಲೇ ಮೂರ್ನಾಲ್ಕು ಕೆ.ಜಿ. ತೂಗುವುದುಂಟು. ಬಟ್ಟೆ, ಪುಸ್ತಕ ಸೇರಿದರೆ 15 ತಲುಪುವುದು ಸುಲಭ. ಟಿಕೆಟ್ ‘ಲೈಟ್’ ಆಗಿದ್ದರೆ ಆ ಇಡೀ 15 ಕೆ.ಜಿ.ಗೂ ಕೌಂಟರ್‌ನಲ್ಲಿ ಹಣ ಕಟ್ಟಬೇಕು. ಹಣವಿಲ್ಲದಿದ್ದರೆ ಚೀಲ ಬಿಚ್ಚಿ, ಯಾವುದನ್ನು ಬಿಡುವುದು ಎಂದು ಸಾಲಿನಲ್ಲಿ ನಿಂತವರೆಲ್ಲರ ಎದುರು ಆರಿಸಬೇಕು.

ಹಣದ ಲೆಕ್ಕ ಹೀಗೆ ನೋಡಿ. ಇದು ಉದಾಹರಣೆಗೆ ಹಾಕಿಕೊಂಡ ಅಂಕಿ, ಯಾವ ಕಂಪನಿಯ ದರಪಟ್ಟಿಯೂ ಅಲ್ಲ. ಲಗೇಜ್ ಇಲ್ಲದ ಟಿಕೆಟ್ 3,200 ರೂ., 15 ಕೆ.ಜಿ. ಸೇರಿದ ಟಿಕೆಟ್ 3,900 ರೂ. ಇದೆ ಎಂದುಕೊಳ್ಳಿ. 700 ಉಳಿಸಿದೆವು ಎಂದು ಮೊದಲನೆಯದನ್ನು ತೆಗೆದುಕೊಂಡು, ನಿಲ್ದಾಣದಲ್ಲಿ ಚೀಲಕ್ಕೆ 2,500 ಕಟ್ಟಿದರೆ ಒಟ್ಟು 5,700. ಪಕ್ಕದ ಸೀಟಿನಲ್ಲಿ ಅಷ್ಟೇ ಲಗೇಜ್ ತಂದು 3,900 ಕೊಟ್ಟವರು ಕೂತಿರುತ್ತಾರೆ. ಕಂಪನಿಗಳು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಂಡ ಲಗೇಜ್‌ಗೆ ಕಡಿಮೆ, ಕೌಂಟರ್‌ನಲ್ಲಿ ಕೊಂಡದ್ದಕ್ಕೆ ಹೆಚ್ಚು ದರ ಇಡುತ್ತವೆ. ಟಿಕೆಟ್ ಮಾಡಿಸುವಾಗಲೇ ಚೀಲದ ಬಗ್ಗೆ ತೀರ್ಮಾನಿಸಬೇಕು ಎನ್ನುವುದು ಇದಕ್ಕೇ. ನಿಜಕ್ಕೂ ಒಂದು ಬ್ಯಾಕ್‌ಪ್ಯಾಕ್ ಹಾಕಿಕೊಂಡು ಸಂದರ್ಶನಕ್ಕೆ ಹೋಗಿ ಮರುದಿನ ಬರುವವರಿಗೆ ಮಾತ್ರ ಲೈಟ್ ಟಿಕೆಟ್ ಲಾಭದ್ದೇ, ಅದರಲ್ಲಿ ಮೋಸವಿಲ್ಲ.

ಟಿಕೆಟ್ ಮತ್ತು ಸೌಲಭ್ಯ ಬೇರೆ ಬೇರೆಯಾದದ್ದು ಹೇಗೆ?

ಇದರ ಬೇರು ಕರ್ನಾಟಕದಲ್ಲೂ ಇದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದರು. ಬೆಂಗಳೂರು–ಹುಬ್ಬಳ್ಳಿ ಅದರ ಆರಂಭದ ಮಾರ್ಗಗಳಲ್ಲೊಂದು. ಸೀಟಿನ ದರ ಇಳಿಸಿ, ಊಟ ತಿಂಡಿಯನ್ನು ಬೇಕಾದವರು ದುಡ್ಡು ಕೊಟ್ಟು ಕೊಳ್ಳಲಿ ಎಂಬ ಕ್ರಮವನ್ನು ಭಾರತದಲ್ಲಿ ರೂಢಿಗೆ ತಂದದ್ದು ಆ ಕಂಪನಿ. ಒಂದು ರೂಪಾಯಿ ಟಿಕೆಟ್ ಕೂಡ ಅದೇ ಮಾರಿತು. ಊಟದಲ್ಲಿ ಶುರುವಾದದ್ದು ನಿಧಾನಕ್ಕೆ ಸೀಟಿನ ಆಯ್ಕೆಗೆ, ಆಮೇಲೆ ಚೀಲಕ್ಕೆ ಬಂದು ನಿಂತಿತು. ಹೊರದೇಶಗಳಲ್ಲಿ ಇದು ಮೊದಲೇ ಆಗಿತ್ತು. ಇಂಧನ ದುಬಾರಿಯಾಗಿದ್ದ 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೊದಲ ಚೀಲಕ್ಕೇ 15 ಡಾಲರ್ ಶುಲ್ಕ ಹಾಕಿತು.

ತೂಕಕ್ಕೆ ಇಂಧನ ಬೇಕು ಎನ್ನುವುದು ಸುಳ್ಳಲ್ಲ. 180 ಸೀಟಿನ ವಿಮಾನದಲ್ಲಿ ಎಲ್ಲರೂ 15 ಕೆ.ಜಿ. ತಂದರೆ 2,700 ಕೆ.ಜಿ. ಆದರೆ ಕೌಂಟರ್‌ನಲ್ಲಿ ಕೇಳುವ ದರ ಇಂಧನದ ಖರ್ಚಿಗೆ ಸರಿಯಾಗಿ ಲೆಕ್ಕ ಹಾಕಿದ್ದಲ್ಲ. ಅದು ವ್ಯಾಪಾರದ ದರ. ಕೊನೇ ಗಳಿಗೆಯಲ್ಲಿ ನಿಮಗೆ ಬೇರೆ ದಾರಿ ಇರುವುದಿಲ್ಲ ಎಂಬುದು ಅದರೊಳಗೆ ಸೇರಿದೆ.

‘ಹೆಚ್ಚುವರಿ ಲಗೇಜ್‌ಗೆ ಕೆ.ಜಿ.ಗೆ 100 ರೂ. ಮಾತ್ರ ಕೊಡಿ, ಇದು ಕಾನೂನು’

ಇದು ಹಳೆಯ ನಿಜ, ಇಂದಿನ ಸುಳ್ಳು. 2016ರಲ್ಲಿ ಡಿಜಿಸಿಎ, 15 ಕೆ.ಜಿ. ದಾಟಿದ ಮೇಲೆ 20 ಕೆ.ಜಿ.ವರೆಗೆ ಪ್ರತಿ ಕೆ.ಜಿ.ಗೆ 100 ರೂ.ಗಿಂತ ಹೆಚ್ಚು ಕೇಳಬಾರದು ಎಂದು ಮಿತಿ ಹಾಕಿದ್ದು ಹೌದು. ಖಾಸಗಿ ವಿಮಾನ ಕಂಪನಿಗಳು ಅದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದವು. 2017ರಲ್ಲಿ ಆ ಮಿತಿ ಬಿದ್ದುಹೋಯಿತು. ಈಗ ದರವನ್ನು ಕಂಪನಿಯೇ ನಿಗದಿ ಮಾಡುತ್ತದೆ. ಹಳೆಯ ಪತ್ರಿಕಾ ತುಣುಕನ್ನು ಫೋನಿನಲ್ಲಿ ತೋರಿಸಿ ವಾದಿಸಿದರೆ ಪ್ರಯೋಜನವಿಲ್ಲ, ವಿಮಾನ ತಪ್ಪಬಹುದು ಅಷ್ಟೇ. ‘ಏರ್ ಇಂಡಿಯಾದಲ್ಲಾದರೆ 20 ಕೆ.ಜಿ. ಇದೆ’ ಎಂಬ ಮಾತೂ ಹೀಗೇ ಹಳೆಯದು. 2024ರ ಮೇ ತಿಂಗಳಲ್ಲಿ ಆ ಕಂಪನಿ ದೇಶದೊಳಗಿನ ತನ್ನ ಅಗ್ಗದ ಟಿಕೆಟ್‌ಗಳ ಉಚಿತ ಲಗೇಜನ್ನು 15 ಕೆ.ಜಿ.ಗೆ ಇಳಿಸಿತು.

ಟಿಕೆಟ್‌ನಲ್ಲಿ ಏನು ನೋಡಬೇಕು?

ನಮ್ಮ ಊರುಗಳಲ್ಲಿ ಬಹಳ ಮಂದಿ ಟಿಕೆಟ್ ಮಾಡಿಸುವುದು ಏಜೆಂಟರ ಬಳಿ ಅಥವಾ ಸೈಬರ್ ಸೆಂಟರ್‌ನಲ್ಲಿ. ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಪಿಡಿಎಫ್‌ನಲ್ಲಿ ಹೆಸರು, ದಿನಾಂಕ, ಸಮಯ ನೋಡಿ ಸುಮ್ಮನಾಗುತ್ತೇವೆ. ಅದರಲ್ಲೇ ‘ಬ್ಯಾಗೇಜ್’ ಎಂಬ ಸಾಲು ಇರುತ್ತದೆ. ಅಲ್ಲಿ 15 ಕೆಜಿ ಎಂದಿದ್ದರೆ ಸರಿ. ಸೊನ್ನೆ ಅಥವಾ ‘ನಿಲ್’ ಎಂದಿದ್ದರೆ ಕೈಚೀಲ ಮಾತ್ರ. ಕೆಲವೊಮ್ಮೆ ‘1 ಪಿಸಿ’ ಎಂದಿರುತ್ತದೆ, ಅಂದರೆ ಒಂದೇ ಚೀಲ. ಆಗ 15 ಕೆ.ಜಿ.ಯನ್ನು ಎರಡು ಚೀಲಗಳಲ್ಲಿ ತುಂಬಿ ತಂದರೆ, ತೂಕ ಮಿತಿಯೊಳಗೇ ಇದ್ದರೂ ಎರಡನೇ ಚೀಲಕ್ಕೆ ಶುಲ್ಕ ಬೀಳಬಹುದು. ‘ಅಕ್ಕಿ ಚೀಲ ಬೇರೆ, ಬಟ್ಟೆ ಚೀಲ ಬೇರೆ’ ಎನ್ನುವ ನಮ್ಮ ಪದ್ಧತಿಗೆ ಇದು ಒಗ್ಗುವುದಿಲ್ಲ. ಹಾಗೆಂದು ಇಡೀ ಮನೆಯವರ ಸಾಮಾನನ್ನು ಒಂದೇ ಚೀಲಕ್ಕೆ ತುರುಕುವಂತೆಯೂ ಇಲ್ಲ. ಎತ್ತುವ ಕಾರ್ಮಿಕರ ಸುರಕ್ಷತೆಗಾಗಿ ಒಂದು ಚೀಲ 32 ಕೆ.ಜಿ. ಮೀರುವಂತಿಲ್ಲ.

ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಬೆಂಗಳೂರಿನಿಂದ ದುಬೈಗೆ 30 ಕೆ.ಜಿ. ಇರುವ ಟಿಕೆಟ್ ಕೈಯಲ್ಲಿರುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮಾತ್ರ ಬೇರೆ ಟಿಕೆಟ್ ಮಾಡಿಸಿರುತ್ತಾರೆ. ಹುಬ್ಬಳ್ಳಿಯ ಕೌಂಟರ್‌ಗೆ ಆ ದುಬೈ ಟಿಕೆಟ್ ಲೆಕ್ಕಕ್ಕಿಲ್ಲ. ಅಲ್ಲಿ ಒಳನಾಡಿನ 15 ಕೆ.ಜಿ.ಯೇ ಮಿತಿ, ಉಳಿದ 15ಕ್ಕೆ ಹಣ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿದ್ದರೆ ಸಾಮಾನ್ಯವಾಗಿ ವಿದೇಶಿ ಮಿತಿಯೇ ಪೂರ್ತಿ ದಾರಿಗೆ ಅನ್ವಯಿಸುತ್ತದೆ. ಏಜೆಂಟರನ್ನು ‘ಒಂದೇ ಪಿಎನ್‌ಆರ್‌ನಲ್ಲಿ ಆಗುತ್ತದೆಯೇ’ ಎಂದು ಕೇಳಿ. ಆಗದಿದ್ದರೆ ಬೆಂಗಳೂರುವರೆಗೆ ರೈಲೇ ಒಳ್ಳೆಯದು. ಹೋಗುವ ಟಿಕೆಟ್‌ನ ಲಗೇಜ್ ಮಿತಿಯೇ ಬರುವ ಟಿಕೆಟ್‌ಗೂ ಇರಬೇಕೆಂದಿಲ್ಲ ಎಂಬುದನ್ನೂ ಗಮನಿಸಿ.

ಎರಡು ವರ್ಷದೊಳಗಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವವರು ಮಗುವಿನ ಹೆಸರಿನಲ್ಲೂ 15 ಕೆ.ಜಿ. ಸಿಗುತ್ತದೆ ಎಂದುಕೊಳ್ಳುತ್ತಾರೆ. ದೇಶದೊಳಗಿನ ಅಗ್ಗದ ದರದ ವಿಮಾನಗಳಲ್ಲಿ ಅದು ಸಿಗುವುದಿಲ್ಲ.

ಕೈಚೀಲವಾದರೂ ಎಷ್ಟು?

ಸಾಮಾನ್ಯ ದರ್ಜೆಯಲ್ಲಿ ಒಬ್ಬರಿಗೆ ಒಂದು ಕೈಚೀಲ, 7 ಕೆ.ಜಿ. ಉದ್ದ, ಅಗಲ, ಎತ್ತರ ಕೂಡಿಸಿದರೆ 115 ಸೆಂಟಿಮೀಟರ್ ಒಳಗಿರಬೇಕು. ಹೆಂಗಸರ ಪರ್ಸ್ ಅಥವಾ ಸಣ್ಣ ಲ್ಯಾಪ್‌ಟಾಪ್ ಚೀಲಕ್ಕೆ ಕಂಪನಿಗಳು ಪ್ರತ್ಯೇಕ ಅವಕಾಶ ಕೊಡುತ್ತವೆ. ಎಕ್ಸ್‌ಪ್ರೆಸ್ ಲೈಟ್ ಶುರುವಾದಾಗ, ಮುಂಚಿತವಾಗಿ ತಿಳಿಸಿದವರಿಗೆ ಕೈಚೀಲದಲ್ಲಿ ಇನ್ನೂ 3 ಕೆ.ಜಿ. ಉಚಿತ ಎಂದು ಘೋಷಿಸಲಾಗಿತ್ತು. ಇಂಥದ್ದನ್ನು ಬುಕಿಂಗ್ ಸಮಯದಲ್ಲೇ ಒತ್ತಿ ಪಡೆಯಬೇಕು, ನಿಲ್ದಾಣದಲ್ಲಿ ಕೇಳಿದರೆ ಆಗುವುದಿಲ್ಲ.

ಸಣ್ಣ ವಿಮಾನಗಳಲ್ಲಿ ತಲೆಯ ಮೇಲಿನ ಅರೆ ಚಿಕ್ಕದು. ದೊಡ್ಡ ಕೈಚೀಲವನ್ನು ಏಣಿಯ ಬಳಿಯೇ ತೆಗೆದುಕೊಂಡು ಕೆಳಗೆ ಹಾಕಬಹುದು. ಆಗ ಪವರ್ ಬ್ಯಾಂಕ್ ಹೊರತೆಗೆದು ಕೈಯಲ್ಲಿಟ್ಟುಕೊಳ್ಳಿ. ಅದು ವಿಮಾನದ ಹೊಟ್ಟೆಯೊಳಗೆ ಹೋಗುವಂತಿಲ್ಲ. ಬ್ಯಾಟರಿಗೆ ಬೆಂಕಿ ಹತ್ತಿದರೆ ಅಲ್ಲಿ ಆರಿಸುವವರು ಯಾರೂ ಇರುವುದಿಲ್ಲ.

ಲೈಟ್ ಟಿಕೆಟ್ ಕೊಳ್ಳುವ ಮುನ್ನ ತೂಕದ ಜೊತೆಗೆ ಒಯ್ಯುವ ವಸ್ತು ಯಾವುದು ಎಂಬುದನ್ನೂ ಯೋಚಿಸಬೇಕು. ಇದನ್ನು ಬಹಳ ಮಂದಿ ಮರೆಯುತ್ತಾರೆ. ಮೆಣಸಿನಕಾಯಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಖಾರದ ಪುಡಿಗೂ ಭದ್ರತಾ ಸಿಬ್ಬಂದಿ ತಕರಾರು ತೆಗೆಯುತ್ತಾರೆ. ಚಾಕು, ಕುಡುಗೋಲು, ಈಳಿಗೆಮಣೆಯಂತೂ ಹೇಳಬೇಕಿಲ್ಲ. ಹಡಗಲಿ ಮಲ್ಲಿಗೆಯನ್ನೋ ರೊಟ್ಟಿಯನ್ನೋ ಕೈಯಲ್ಲಿ ಒಯ್ಯಬಹುದು, ಉಪ್ಪಿನಕಾಯಿ ಡಬ್ಬಿ ಇದ್ದರೆ ಚೆಕ್-ಇನ್ ಲಗೇಜ್ ಇರುವ ಟಿಕೆಟೇ ಬೇಕು.

ತೆಂಗಿನಕಾಯಿಯದ್ದು ಬೇರೆಯೇ ಕಥೆ. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ದರ್ಶನಕ್ಕೆ ಬಂದು ವಾಪಸ್ ವಿಮಾನ ಹತ್ತುವವರ ಚೀಲದಲ್ಲಿ ಕಾಯಿ, ಕೊಬ್ಬರಿ ಇರುವುದು ಸಹಜ. ಸಾಮಾನ್ಯ ನಿಯಮದ ಪ್ರಕಾರ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯಲ್ಲಿನ ಕಾಯಿಗೆ ವಿನಾಯಿತಿ ಕೊಟ್ಟರು. ಅದೂ 2025ರ ಜನವರಿ 20ರವರೆಗೆ, ತಪಾಸಣೆಯ ನಂತರ. ಆ ಸುದ್ದಿಯನ್ನು ‘ಇನ್ನು ಎಲ್ಲರೂ ತೆಂಗಿನಕಾಯಿ ಒಯ್ಯಬಹುದು’ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಇಡೀ ಒಣ ಕೊಬ್ಬರಿ ಗಿಟುಕಂತೂ ಚೆಕ್-ಇನ್ ಚೀಲದಲ್ಲೂ ನಿಷಿದ್ಧ. ಅದರಲ್ಲಿ ಎಣ್ಣೆ ಹೆಚ್ಚು, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ಅಂತರರಾಷ್ಟ್ರೀಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲೇ ಅದಕ್ಕೆ ಸಂಖ್ಯೆ ಕೊಟ್ಟಿದ್ದಾರೆ: 1363.

‘ಉಡಾನ್‌ನಲ್ಲಿ ಎಲ್ಲ ಸೀಟಿಗೂ 2,500 ರೂ.’

ಅಲ್ಲ. ಉಡಾನ್ ಯೋಜನೆಯಡಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂ. ಮಿತಿ ಇಟ್ಟದ್ದು ಆ ಯೋಜನೆಯ ಮಾರ್ಗಗಳಲ್ಲಿ, ಅದರಲ್ಲೂ ಮೀಸಲಿಟ್ಟ ಸೀಟುಗಳಿಗೆ ಮಾತ್ರ. ವಿದ್ಯಾನಗರ–ಹೈದರಾಬಾದ್ ವಿಮಾನ 2017ರಲ್ಲಿ ಈ ಯೋಜನೆಯಲ್ಲೇ ಶುರುವಾಗಿತ್ತು. ಆ ಸೀಟುಗಳು ಮುಗಿದ ಮೇಲೆ ಉಳಿದವು ಮಾರುಕಟ್ಟೆ ದರಕ್ಕೆ ಹೋಗುತ್ತವೆ.

ನಿಮ್ಮ ಹಕ್ಕು ಏನು?

ಲಗೇಜ್ ಇಲ್ಲದ ಟಿಕೆಟ್ ಮಾರುವ ಕಂಪನಿ, ಚೀಲ ತಂದರೆ ಎಷ್ಟು ಕೊಡಬೇಕಾಗುತ್ತದೆ ಎಂಬುದನ್ನು ಬುಕಿಂಗ್ ಸಮಯದಲ್ಲೇ ಎದ್ದು ಕಾಣುವಂತೆ ತೋರಿಸಬೇಕು, ಟಿಕೆಟ್ ಮೇಲೂ ಮುದ್ರಿಸಬೇಕು. ಇದು 2021ರ ಡಿಜಿಸಿಎ ಸುತ್ತೋಲೆಯಲ್ಲೇ ಇದೆ. ಹೆಚ್ಚುವರಿ ಸೇವೆಗಳನ್ನು ನೀವೇ ಆರಿಸಿಕೊಳ್ಳಬೇಕೇ ಹೊರತು, ಮೊದಲೇ ಟಿಕ್ ಹಾಕಿಟ್ಟು ‘ಬೇಡವಾದರೆ ತೆಗೆಯಿರಿ’ ಎನ್ನುವಂತಿಲ್ಲ. ಹಣ ಕಟ್ಟುವ ಮುನ್ನ ಪರದೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಏಜೆಂಟರು ಮಾಡಿಕೊಡುವುದಾದರೆ ಅವರ ಪರದೆಯನ್ನೇ ತೋರಿಸಿ ಎನ್ನಿ, ಅದರಲ್ಲಿ ಸಂಕೋಚವೇನೂ ಬೇಡ.

‘ಅಗ್ಗದ ಟಿಕೆಟ್ ರದ್ದಾದರೆ ಒಂದು ಪೈಸೆಯೂ ವಾಪಸ್ ಬರುವುದಿಲ್ಲ’ ಎಂಬುದೂ ಪೂರ್ತಿ ನಿಜವಲ್ಲ. ಮೂಲ ದರ ಹೋಗಬಹುದು. ಆದರೆ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು, ನೀವು ವಿಮಾನ ತಪ್ಪಿಸಿಕೊಂಡಿದ್ದರೂ, ರಿಯಾಯಿತಿ ಟಿಕೆಟ್ ಆಗಿದ್ದರೂ, ಕಂಪನಿ ಹಿಂದಿರುಗಿಸಬೇಕು. ಕೇಳದವರ ಹಣ ಅಲ್ಲೇ ಉಳಿಯುತ್ತದೆ. ಕಂಪನಿ ಸ್ಪಂದಿಸದಿದ್ದರೆ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಕೊಡಬಹುದು, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಇನ್ನು ತೂಕ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಬೀದಿಯ ಕಿರಾಣಿ ಅಂಗಡಿಯಲ್ಲೋ, ಗ್ಯಾಸ್ ಸಿಲಿಂಡರ್ ತರುವವರ ತೂಗು ಕೊಕ್ಕೆಯಲ್ಲೋ ಚೀಲವನ್ನು ಹೊರಡುವ ಹಿಂದಿನ ದಿನ ತೂಗಿಸಿ. ಹದಿನೈದರ ಮಿತಿಗೆ ಹದಿನಾಲ್ಕೇ ತುಂಬಿ. ಎರಡು ತಕ್ಕಡಿಗಳು ಒಂದೇ ತೂಕ ತೋರಿಸುವುದು ಕಡಿಮೆ, ನಿಲ್ದಾಣದಲ್ಲಿ ನಡೆಯುವುದು ಅವರ ತಕ್ಕಡಿಯ ತೂಕ.