ಜಾರುವ ಕೈಗೆ ಒಂದು ಹಿಡಿ: ಪಲ್ಪರ್, ಲೇತ್ ಮತ್ತು ಕಾಫಿ ಸೀಮೆ

ಈ ಸಲದ ಕಥೆ ಶುರುವಾಗೋದು ಒಂದು ತಿರುಪಿನ ಹಿಡಿಯಿಂದ. ಡಿಸೆಂಬರ್ ತಿಂಗಳು, ಅರೇಬಿಕಾ ಕೊಯ್ಲು ಜೋರಾಗಿ ನಡೀತಿತ್ತು. ಕಳಸದ ಕಡೆಯಿಂದ ನಮ್ಮ ಭಾವ ಫೋನ್ ಮಾಡಿದರು. "ಲೇತ್ ಇಟ್ಕೊಂಡು ಏನು ಮಾಡ್ತೀಯ ಮಾರಾಯ? ಪಲ್ಪರ್ ಸ್ಕ್ರೂದು ಹಿಡಿ ಸವೆದು ನುಣ್ಣಗಾಗಿದೆ, ಕೈ ಜಾರ್ತದೆ. ಒಂದು ಮಾಡ್ಕೊಡು."

ಸಣ್ಣ ಕೆಲಸ ಅಂತ ಅನ್ನಿಸಬಹುದು. ಆದರೆ ಕಾಫಿ ಹಣ್ಣು ಕೊಯ್ದ ದಿನವೇ ಪಲ್ಪರ್‌ಗೆ ಹೋಗಬೇಕು. ರಾಶಿಯಲ್ಲಿ ರಾತ್ರಿಯೆಲ್ಲ ಬಿದ್ದಿದ್ದರೆ ಬಿಸಿಯೇರಿ ಹುಳಿ ಹಿಡಿಯುತ್ತದೆ. ಇನ್ನು ಆ ಸ್ಕ್ರೂ ಮಾಡೋದು ಏನು ಅಂದರೆ, ತಿರುಗುವ ಡ್ರಮ್ಮಿಗೂ ಅದರೆದುರಿನ ಸ್ಥಿರ ತಟ್ಟೆಗೂ ನಡುವಿನ ಸಂದನ್ನು ಹೆಚ್ಚುಕಡಿಮೆ ಮಾಡೋದು. ಸಂದು ಬಿಗಿಯಾದರೆ ಬೀಜ ಕತ್ತರಿಸಿಹೋಗುತ್ತೆ. ಅದಕ್ಕೆ ಪಲ್ಪರ್ ಕಟ್ ಅಂತಾರೆ, ಬೆಲೆ ಬಿತ್ತು ಅಂತಲೇ ಲೆಕ್ಕ. ಸಡಿಲವಾದರೆ ಸಿಪ್ಪೆ ಸುಲಿಯದೆ ಹಣ್ಣು ಹಾಗೇ ಹೊರಗೆ ಬರುತ್ತೆ. ದಿನದ ಹಣ್ಣಿನ ಗಾತ್ರ ನೋಡಿ, ಲೋಳೆ ಮೆತ್ತಿದ ಕೈಯಲ್ಲೇ ಅದನ್ನ ಕೂದಲೆಳೆಯಷ್ಟು ತಿರುಗಿಸಬೇಕು.

ಕೈ ಜಾರದಿರಲಿ ಅಂತ ಲೋಹದ ಮೇಲೆ ಗೀರು ಒತ್ತೋದಕ್ಕೆ ನಮ್ಮ ವರ್ಕ್‌ಶಾಪ್‌ಗಳಲ್ಲಿ ನರ್ಲಿಂಗ್ ಅಂತಾರೆ. ಹೆಸರು ಗೊತ್ತಿಲ್ಲದವರೂ ಮುಟ್ಟಿ ನೋಡಿರ್ತಾರೆ. ಎಚ್‌ಎಂಟಿ ಕೈಗಡಿಯಾರಕ್ಕೆ ಕೀ ಕೊಡ್ತಿದ್ದ ಗುಂಡಿ ನೆನಪಿಸಿಕೊಳ್ಳಿ, ಜಿಮ್ಮಿನ ಕಬ್ಬಿಣದ ಸಲಾಕೆ ನೆನಪಿಸಿಕೊಳ್ಳಿ. ಇಲ್ಲಿ ಲೋಹವನ್ನ ಕತ್ತರಿಸಿ ತೆಗೆಯೋದಿಲ್ಲ. ಹಲ್ಲಿರುವ ಗಟ್ಟಿ ಉಕ್ಕಿನ ಪುಟ್ಟ ಗಾಲಿಗಳನ್ನ ತಿರುಗುವ ಸರಳಿಗೆ ಒತ್ತಿ ಹಿಡೀತಾರೆ. ಒತ್ತಿದಲ್ಲಿ ಲೋಹ ತಗ್ಗಿ, ಪಕ್ಕದಲ್ಲಿ ಉಬ್ಬುತ್ತೆ.

ಪಲ್ಪರ್ ಬಿಚ್ಚಿ ನೋಡಿದರೆ ಒಳಗೂ ಇದೇ ಉಪಾಯ. ಡ್ರಮ್ಮಿಗೆ ಸುತ್ತಿದ ತಾಮ್ರದ ತಗಡಿನ ತುಂಬ ಒಳಗಿನಿಂದ ಒತ್ತಿ ಎಬ್ಬಿಸಿದ ಗುಬುಟುಗಳಿರ್ತವೆ. ಅವು ಹಣ್ಣಿನ ಸಿಪ್ಪೆಯನ್ನ ಹಿಡಿದೆಳೆದುಕೊಂಡು ಹೋಗ್ತವೆ, ಬೀಜ ಜಾರಿ ಬೇರೆಯಾಗುತ್ತೆ. ತಗಡು ಸವೆದರೆ ಹಿಡಿತ ತಪ್ಪಿತು, ಅಷ್ಟೆ.

ಬಾಬಾಬುಡನ್‌ಗಿರಿಯ ಕಾಫಿಗೆ ಮೊದಲಿಂದ ಈ ಯಂತ್ರ ಇರಲಿಲ್ಲ. ಹಣ್ಣನ್ನ ಹಾಗೇ ಒಣಗಿಸಿ ಕುಟ್ಟಿ ಬೀಜ ತೆಗೀತಿದ್ದರು. 19ನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರ್‌ಗಳ ತೋಟಗಳು ಎದ್ದ ಮೇಲೆ ನೀರು ಹಾಯಿಸಿ ಪಲ್ಪ್ ಮಾಡುವ ಪದ್ಧತಿ ಬೇರೂರಿತು. ಆ ಕಾಲಕ್ಕೆ ಕಾಫಿ ಯಂತ್ರ ಅಂದರೆ ಸ್ಕಾಟ್ಲೆಂಡಿನ ಅಬರ್ಡೀನ್‌ನ ವಿಲಿಯಂ ಮೆಕಿನ್ನನ್, ಲಂಡನ್ನಿನ ಜಾನ್ ಗೋರ್ಡನ್. ನಮಗೆ ಹತ್ತಿರದಲ್ಲಿ, ಸಿಲೋನಿನ ಕ್ಯಾಂಡಿಯಲ್ಲಿ, 1854ರಲ್ಲಿ ಜಾನ್ ವಾಕರ್ ಕಂಪನಿ ಶುರುವಾಯಿತು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕುರೋಗ ಸಿಲೋನಿನ ಕಾಫಿಯನ್ನೇ ನುಂಗಿಹಾಕಿತು, ಅಲ್ಲಿಯ ತೋಟಗಳು ಚಹಾಕ್ಕೆ ತಿರುಗಿದವು. ಆ ರೋಗ ನಮ್ಮ ತೋಟಗಳನ್ನೂ ಬಿಡಲಿಲ್ಲ. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಹುಟ್ಟಿದ್ದರ ಹಿಂದೆಯೂ ಅದೇ ಭಯ ಇತ್ತು.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಅಬರ್ಡೀನ್‌ನಿಂದ ಒಂದು ಬಿಡಿಭಾಗ ಬರಬೇಕಾದರೆ ಹಡಗು, ಆಮೇಲೆ ಎತ್ತಿನ ಗಾಡಿ, ತಿಂಗಳುಗಟ್ಟಲೆ ಸಮಯ. ಚಿಕ್ಕಮಗಳೂರು ಪೇಟೆಗೆ ರೈಲು ಬಂದಿದ್ದೇ 2013ರಲ್ಲಿ! ಹಣ್ಣು ಮಾತ್ರ ಒಂದು ದಿನಕ್ಕಿಂತ ಜಾಸ್ತಿ ಕಾಯೋದಿಲ್ಲ. ಅಂದರೆ ರಿಪೇರಿ ಇಲ್ಲೇ ಆಗಬೇಕು, ಇದ್ದ ಸಾಮಾನಿನಲ್ಲೇ ಆಗಬೇಕು. ಕಾಫಿ ಇತಿಹಾಸ ಬರೆದವರು ದೊರೆಗಳ ಬಂಗಲೆ, ಬೇಟೆ, ಹುಲಿ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಕುಲುಮೆ ಮುಂದೆ ಕೂತು ಪಲ್ಪರ್ ಓಡಿಸಿದ ಕಮ್ಮಾರ, ಫಿಟ್ಟರ್‌ಗಳಿಗೆ ಒಂದು ಸಾಲೂ ಸಿಕ್ಕಿಲ್ಲ ಅನ್ನೋದು ನನ್ನ ಹಳೇ ತಕರಾರು.

ಲೇತ್ ನಮ್ಮ ನಾಡಿನಲ್ಲೇ ತಯಾರಾಗೋಕೆ ಶುರುವಾಗಿದ್ದು ತಡವಾಗಿ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್. 1953ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದ ಎಚ್‌ಎಂಟಿ, ಅದು ಗಡಿಯಾರ ಮಾಡಿದ್ದು ಆಮೇಲೆ, 1961ರಿಂದ. ಇನ್ನು 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಬಂದಾಗ ಕಳಸದ ಪಕ್ಕದಲ್ಲೇ ಒಂದು ಯಂತ್ರಗಳ ಊರು ಎದ್ದಿತು. ಅದಿರಿನ ರಾಡಿಯನ್ನ 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸ್ತಿದ್ದ ಕಂಪನಿ ಅದು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಟರ್ನರ್‌ಗಳು, ಫಿಟ್ಟರ್‌ಗಳೂ ಊರು ಬಿಟ್ಟರು. ಹರಿಹರದ ಕಾರ್ಖಾನೆಯೂ ಅಷ್ಟೊತ್ತಿಗೆ ಬಾಗಿಲು ಹಾಕಿತ್ತು. ಭಾವ ಪೇಟೆ ಲೇತ್ ಅಂಗಡಿ ಬಿಟ್ಟು ನನ್ನಂಥ ಹವ್ಯಾಸಿಗೆ ಫೋನ್ ಮಾಡಿದ್ದು ಸುಮ್ಮನೆ ಅಲ್ಲ. ಒಂದೇ ಒಂದು ಹಿಡಿ ಮಾಡಿಕೊಡೋಕೆ ಈಗ ಯಾರಿಗೂ ಪುರುಸೊತ್ತಿಲ್ಲ.

ನನ್ನದು ಮೇಜಿನ ಮೇಲೆ ಕೂರುವ ಸಣ್ಣ ಲೇತ್. ಮಾಮೂಲಿ ನರ್ಲಿಂಗ್ ಟೂಲ್ ಒಂದೇ ಪಕ್ಕದಿಂದ ಒತ್ತುತ್ತೆ. ಹರಿಹರದ ಲೇತ್ ಆದರೆ ತಡ್ಕೊಳ್ಳುತ್ತೆ, ನನ್ನದು ನರಳಿತು. ಹಿತ್ತಾಳೆ ಸರಳು ಬಾಗಿ, ಗೀರು ಅರೆಬರೆ ಬಿತ್ತು. ಆಮೇಲೆ ಇಕ್ಕಳದ ಥರದ್ದನ್ನ ಮಾಡಿದೆ. ಎರಡು ಕಬ್ಬಿಣದ ಪಟ್ಟಿ, ನಡುವೆ ಕೀಲು, ತುದಿಗೊಂದೊಂದು ಗಾಲಿ, ಬಿಗಿಯೋಕೆ ಒಂದು ಬೋಲ್ಟ್. ಗಾಲಿ ಮಾತ್ರ ಕೊಂಡುತಂದಿದ್ದು. ಒಂದು ಗಾಲಿ ಮೇಲಿನಿಂದ, ಇನ್ನೊಂದು ಕೆಳಗಿನಿಂದ ಒತ್ತೋದರಿಂದ ಎರಡೂ ಬಲ ಒಂದನ್ನೊಂದು ತಿಂದುಹಾಕ್ತವೆ, ಲೇತಿನ ಬೇರಿಂಗಿಗೆ ಹೊರೆ ಬೀಳೋದಿಲ್ಲ.

ಒತ್ತಡದ ಸಮಸ್ಯೆ ತೀರಿತು, ಗೀರಿನದು ಉಳಿಯಿತು. ಹಿಡಿಯ ವ್ಯಾಸ 30 ಮಿ.ಮೀ., ಅಂದರೆ ಸುತ್ತಳತೆ 94.25. ಗಾಲಿಯ ಹಲ್ಲುಗಳ ನಡುವೆ, ಸುತ್ತಳತೆಯ ಮೇಲೆ ಅಳೆದರೆ, 1 ಮಿ.ಮೀ. ಆ ಕಾಲು ಹಲ್ಲು ಎಲ್ಲಿಗೆ ಹೋಗಬೇಕು? ಎರಡನೇ ಸುತ್ತಿಗೆ ಹೊಸ ಗೀರು ಹಳೇ ಗೀರಿನ ಪಕ್ಕದಲ್ಲೇ ಬಿತ್ತು. ವ್ಯಾಸದಲ್ಲಿ 0.08 ಮಿ.ಮೀ. ಇಳಿಸಿದೆ, ಸುತ್ತಳತೆ 94ಕ್ಕೆ ಬಂತು. ಮೊದಲ ಸುತ್ತಿಗೇ ಜೋರಾಗಿ ಒತ್ತಿ, ನಿಧಾನ ತಿರುಗಿಸಿ, ಎಣ್ಣೆ ಸುರಿದೆ. ವಜ್ರಾಕಾರದ ಚೌಕುಳಿ ಚೆಂದ ಮೂಡಿತು. ಹಳೇ ಟರ್ನರ್‌ಗಳಿಗೆ ಈ ಲೆಕ್ಕ ಹೇಳಿದರೆ ನಗ್ತಾರೆ, ಬಿಡಿ. ಗಟ್ಟಿಯಾಗಿ ಒತ್ತಿದರೆ ಗಾಲಿ ತಾನೇ ದಾರಿ ಹಿಡಿಯುತ್ತೆ ಅಂತಾರೆ. ಅವರ ಕೈಗೆ ಹಿಡಿಯುತ್ತೆ, ನನ್ನ ಕೈಗೆ ಹಿಡಿಯಲಿಲ್ಲ.

ನಾಲ್ಕು ದಿನಕ್ಕೆ ಮತ್ತೆ ಭಾವನ ಫೋನ್. ಹಿಡಿ ಜಾರೋದಿಲ್ಲ, ಸಂದು ಸರಿಯಾಗಿ ಕೂತಿದೆ, ಪಲ್ಪರ್ ಕಟ್ ಕಮ್ಮಿಯಾಗಿದೆ. "ಆದ್ರೆ ನಿನ್ನ ಚೌಕುಳಿ ತುಂಬ ಲೋಳೆ ಒಣಗಿ ಕೂತ್ಕೊಳ್ತದೆ ಮಾರಾಯ, ದಿನಾ ಬ್ರಷ್ ಹಾಕಿ ಉಜ್ಜಬೇಕು. ನೀರು ಬಿಟ್ರೆ ತೊಳೆದು ಹೋಗೋ ಹಾಗೆ ನೆಟ್ಟಗೆ ಗೆರೆ ಹಾಕೋಕಾಗಲ್ವಾ?"

ಗಾಲಿ ಬದಲಾಯಿಸಿ, ನೇರ ಗೆರೆಯ ಇನ್ನೊಂದು ಹಿಡಿ ಮಾಡಿ, ಕಳಸದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದೆ.