ಬಾಯಿ ತೆರೆಯದ ಸೋಗು: ‘ಪುಷ್ಪಕ ವಿಮಾನ’ ಮತ್ತು ಬೈಲಹೊಂಗಲದ ಸಣ್ಣಾಟ

ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ (1987) ತೆರೆಕಂಡಾಗ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದು 53 ವರ್ಷಗಳಾಗಿದ್ದವು. ಈ ಸಂಭಾಷಣೆಯಿಲ್ಲದ ಹಾಸ್ಯಚಿತ್ರವನ್ನು ಮೂಕಿಯುಗದ ನೆನಪೆಂದು ಓದಿದರೆ ಸಾಲದು. 1931ರ ಮೂಕಿಚಿತ್ರ ‘ವಸಂತಸೇನಾ’ಗೆ ಮಾತು ದಕ್ಕಿರಲಿಲ್ಲ, ಸಿಂಗೀತಂ ದಕ್ಕಿದ್ದನ್ನು ಬಿಟ್ಟರು. ತಮಿಳಿನಲ್ಲಿ ‘ಪೇಸುಂ ಪಡಂ’, ಹಿಂದಿಯಲ್ಲಿ ‘ಪುಷ್ಪಕ್’ ಎಂದು ಹೆಸರಷ್ಟೇ ಬದಲಿಸಿ ಎಲ್ಲೆಡೆ ತೋರಿಸಬಹುದಾದದ್ದು ಮಾರುಕಟ್ಟೆಯ ಲಾಭ. ಆದರೆ ಕಥೆಗೇ ಮೌನ ಬೇಕಿತ್ತೆಂಬುದು ನನ್ನ ವಾದ.

ಬೈಲಹೊಂಗಲದಲ್ಲಿ ನಡೆದ ಘಟನೆಯಿಂದ ಹುಟ್ಟಿ ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಗೆಲ್ಲ ಪರಿಚಿತವಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಇದರ ಪಕ್ಕದಲ್ಲಿಡಬೇಕು. ಅಲ್ಲಿ ಮೋಸವೆಲ್ಲ ನಾಲಿಗೆಯದು. ಗೆಳೆಯನ ಹೆಂಡತಿ ಗಂಗಾಳನ್ನು ಬಯಸುವ ಸಂಗ್ಯಾ, ಅವಳ ಮನವೊಲಿಸಲು ಹೋಗುವ ಮುದುಕಿ, ಗೆಳೆತನದ ಮಾತಾಡುತ್ತಲೇ ಸಂಗ್ಯಾನನ್ನು ಸಾವಿನ ಬಾಯಿಗೆ ಒಯ್ಯುವ ಬಾಳ್ಯಾ: ಇವರನ್ನು ಮೂಕರಾಗಿಸಿದರೆ ಆಟವೇ ನಿಲ್ಲುತ್ತದೆ.

ಸಿಂಗೀತಂ ಅವರ ನಿರುದ್ಯೋಗಿ ಪದವೀಧರನಿಗೆ (ಕಮಲ್ ಹಾಸನ್) ಮಾತೇ ಅಪಾಯ. ಕುಡಿದು ಬೀದಿಯಲ್ಲಿ ಬಿದ್ದ ಸಿರಿವಂತನನ್ನು ತನ್ನ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಕೀಲಿಕೈಯಿಂದ ಪಂಚತಾರಾ ಹೋಟೆಲು ಹೊಗುತ್ತಾನೆ. ಕುಬೇರನಿಂದ ರಾವಣ ಕಸಿದ ವಾಹನದ ಹೆಸರು ಆ ಹೋಟೆಲಿಗೆ! ಸೂಟು, ಕೀಲಿ, ನಡಿಗೆ ಇಷ್ಟರಿಂದಲೇ ಸೋಗು ದಕ್ಕುತ್ತದೆ. ಸವದತ್ತಿ ಕಡೆಯ ಹುಡುಗನೊಬ್ಬ ಬೆಂಗಳೂರಿನ ಅಂಥ ಹೋಟೆಲಿನಲ್ಲಿ ‘ಏನ್ರೀ’ ಎಂದರೆ ಸಾಕು, ಊರು, ಅಂತಸ್ತು ಎರಡೂ ಬಯಲಾಗುತ್ತವೆ. ಚಿತ್ರ ಈ ಪರೀಕ್ಷೆಯನ್ನೇ ರದ್ದುಮಾಡಿದೆ.

ಆದರೂ ಕಿವಿ ಮೋಸಹೋಗುವುದಿಲ್ಲ. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ಅವನಿಗೆ ನಿದ್ದೆ ಬಾರದು. ತನ್ನ ಕೋಣೆಯ ಪಕ್ಕದ ಟಾಕೀಸಿನ ಗದ್ದಲವನ್ನು ಟೇಪಿನಲ್ಲಿ ಹಿಡಿದುತಂದು ಹಾಕಿದ ಮೇಲೆಯೇ ಕಣ್ಣು ಮುಚ್ಚುತ್ತದೆ. ಬಡತನ ಮೈಗಂಟಿದ ಬಗೆಯನ್ನು ಇಷ್ಟು ನಗಿಸುತ್ತ ಹೇಳಿದ ದೃಶ್ಯ ನಮ್ಮ ಸಿನಿಮಾದಲ್ಲಿ ವಿರಳ. ಬಂದಿಯ ಮಲವನ್ನು ಉಡುಗೊರೆಯ ಪೊಟ್ಟಣ ಕಟ್ಟಿ ಸಾಗಿಸುವ ಪ್ರಸಂಗ ಒರಟು, ನಿಜ. ಹೊರಗಿನ ಹೊಳಪಿಗೆ ಮರುಳಾಗುವ ಲೋಕಕ್ಕೆ ಅದು ಸರಿಯಾದ ಏಟು. ಸಿರಿವಂತನನ್ನು ಕೊಲ್ಲಲು ಮಂಜುಗಡ್ಡೆಯ ಚೂರಿ ಹಿಡಿದು ಬಂದ ಹಂತಕನ ಎಳೆ ಮಾತ್ರ ತುಸು ಉದ್ದವಾಯಿತು.

ಸೋಗು ಕಳಚುವಾಗ ಭಾಷೆ ಮರಳುತ್ತದೆ, ಕಾಗದದ ಮೇಲೆ. ಬಿಡುಗಡೆಯಾದ ಸಿರಿವಂತನಿಗೆ ಅವನು ಕ್ಷಮೆಯ ಚೀಟಿ ಬರೆದಿಡುತ್ತಾನೆ. ಹೋಟೆಲಿನಲ್ಲಿ ಅವನು ಮೆಚ್ಚಿದ ಹುಡುಗಿ ಊರು ಬಿಡುವಾಗ ಗುಲಾಬಿಗೆ ಸುತ್ತಿ ಎಸೆದ ಚೀಟಿಯನ್ನು ಗಾಳಿ ಚರಂಡಿಗೆ ಹಾರಿಸುತ್ತದೆ. ಆಮೇಲೆ ಅವನು ಮತ್ತೆ ನೌಕರಿಯ ಸರದಿಗೆ ನಿಲ್ಲುತ್ತಾನೆ. ಸಂದರ್ಶನದಲ್ಲಿ ಬಾಯಿ ತೆರೆಯದೆ ಗತ್ಯಂತರವಿಲ್ಲ.